ಅಂಚೆಪೆಟ್ಟಿಗೆಯ ಮೇಲಿಲ್ಲದ ಹೆಸರು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿ ಬರೆದಿದ್ದೇನೆ.)

ಗಂಡನ ಕೆಲಸದ ನಿಮಿತ್ತ ಹೊರದೇಶಕ್ಕೆ ಹೋದ ಹೆಣ್ಣುಮಕ್ಕಳು ಆಪ್ತಸಲಹೆಗಾರ್ತಿಯಾದ ನನ್ನೊಡನೆ ಮೊದಲ ಸಲ ಮಾತನಾಡುವಾಗ ಹೇಳಿಕೊಳ್ಳುವ ಕಷ್ಟ ಹೆಚ್ಚುಕಡಿಮೆ ಒಂದೇ: ಚಳಿ, ಒಂಟಿತನ, ಅಮ್ಮನ ನೆನಪು. ವನಜಾ ಹೇಳಿದ್ದೂ ಅದನ್ನೇ. ಹಾಸನದ ಕಡೆಯವರು, ವಯಸ್ಸು 31, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಆರು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳಿದವರು. ಗಂಡನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಅವರು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿಯರಿಗೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ, ಪಡೆದು ಮೊದಲು ಹೋದರು. ಇವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಸೆಪ್ಟೆಂಬರ್ ಕೊನೆಯಲ್ಲಿ ಹೊರಟರು. ಡಿಸೆಂಬರ್ ಹೊತ್ತಿಗೆ ನನ್ನ ಮುಂದೆ, ಮೊಬೈಲ್ ಪರದೆಯಲ್ಲಿ, ಅಳುತ್ತಾ ಕುಳಿತಿದ್ದರು.

“ಇವರು ತುಂಬಾ ಒಳ್ಳೆಯವರು ಮೇಡಂ. ನನಗೆ ಯಾವ ಕೊರತೆಯೂ ಇಲ್ಲ. ಆದರೂ ಬೆಳಿಗ್ಗೆ ಎದ್ದು ಏನು ಮಾಡಬೇಕು ಎನ್ನುವುದೇ ಗೊತ್ತಾಗುವುದಿಲ್ಲ.”

ಇಂಥ ಮಾತು ಕೇಳಿದಾಗ ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕು. ನಿದ್ದೆ, ಹಸಿವು, ತೂಕ, ಬದುಕೇ ಬೇಡ ಎನಿಸುವ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಹಸಿವು ಸರಿಯಾಗಿತ್ತು. ಕೆಟ್ಟಿದ್ದು ನಿದ್ದೆ. ಅಲ್ಲಿಯ ಕುಟುಂಬ ವೈದ್ಯರ ಬಳಿ ಹೋಗಿ ಥೈರಾಯ್ಡ್, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ದಣಿವಿಗೆ ದೇಹದ ಕಾರಣವಿದ್ದರೆ ಎಷ್ಟು ಮಾತನಾಡಿದರೂ ಪ್ರಯೋಜನವಿಲ್ಲ. ಜೊತೆಗೆ, ಯಾವತ್ತಾದರೂ ಬದುಕು ಬೇಡ ಎನಿಸಿದರೆ ನನ್ನ ಮುಂದಿನ ಭೇಟಿಗೆ ಕಾಯದೆ ಅಲ್ಲಿಯ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು ಎಂದು ಬರೆಸಿಟ್ಟೆ. ಬೆಂಗಳೂರಿನಲ್ಲಿ ಕುಳಿತ ಆಪ್ತಸಲಹೆಗಾರ್ತಿಯ ಕೈ ಅಷ್ಟು ದೂರ ಚಾಚುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ನಿದ್ದೆಯ ಲೆಕ್ಕ ಬಿಡಿಸಿ ನೋಡಿದರೆ ಹೀಗಿತ್ತು. ಚಳಿಗಾಲದಲ್ಲಿ ಮ್ಯೂನಿಕ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಮ್ಮ ಬೆಳಿಗ್ಗೆ ಆರೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಾಗ ಅಲ್ಲಿ ರಾತ್ರಿ ಎರಡು ಗಂಟೆ. ಆ ಹೊತ್ತಿಗೆ ವೀಡಿಯೊ ಕರೆ. ಅಮ್ಮ ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿಟ್ಟು ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಮಗಳು ಹೊದ್ದುಕೊಂಡು ನೋಡುತ್ತಿದ್ದರು. ಅಮ್ಮನ ತಿಂಡಿ ಮುಗಿದ ಮೇಲೆ ಮಗಳ ನಿದ್ದೆ. ಏಳುವಾಗ ಹನ್ನೊಂದು. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ, ನಾಲ್ಕೂ ಇಪ್ಪತ್ತರ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ಸ್ನಾನ, ಅಡುಗೆ ಮುಗಿಸುವಷ್ಟರಲ್ಲಿ ಹೊರಗೆ ಕತ್ತಲು. ಈಕೆ ಮ್ಯೂನಿಕ್‌ನಲ್ಲಿ ಬಾಡಿಗೆ ಕೊಟ್ಟು ಹಾಸನದಲ್ಲೇ ವಾಸವಾಗಿದ್ದರು.

ಓದಿಕೊಂಡವರು ಇದಕ್ಕೆ ‘ಕಲ್ಚರ್ ಶಾಕ್’ ಎನ್ನುತ್ತಾರೆ. ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಮಹಿಳಾ ಸಂಘವೊಂದರಲ್ಲಿ ಈ ಬಗ್ಗೆ ಮಾತನಾಡಿ, ಹೊಸ ದೇಶಕ್ಕೆ ಬಂದವರು ದಾಟುವ ಹಂತಗಳನ್ನು ವಿವರಿಸಿದ್ದರು: ಮೊದಲು ಎಲ್ಲವೂ ಚೆಂದ, ನಂತರ ಎಲ್ಲದರ ಮೇಲೂ ಸಿಟ್ಟು, ಆಮೇಲೆ ನಿಧಾನವಾಗಿ ಹೊಂದಾಣಿಕೆ. ವನಜಾ ಇದನ್ನು ಎಲ್ಲೋ ಓದಿದ್ದರು. “ನಾನೀಗ ಎರಡನೆಯ ಹಂತದಲ್ಲಿದ್ದೇನೆ, ಮೂರನೆಯದು ಯಾವಾಗ ಬರುತ್ತದೆ?” ಎಂದು ಕೇಳಿದರು. ಈ ಹಂತಗಳನ್ನು ರೈಲಿನ ವೇಳಾಪಟ್ಟಿಯಂತೆ ಹಿಡಿದುಕೊಂಡು ನಿಲ್ದಾಣದಲ್ಲಿ ಕಾಯುವವರನ್ನು ಬಹಳ ನೋಡಿದ್ದೇನೆ. ಕಾಯುತ್ತಾ ಕೂತವರಿಗೆ ಮೂರನೆಯದು ಬರುವುದು ತಡ.

ನಿಜವಾದ ಗಂಟು ಬೇರೆ ಕಡೆ ಇತ್ತು. ಅದು ಸಿಕ್ಕಿದ್ದು ಬ್ಯಾಂಕ್ ಕಾರ್ಡಿನ ಮಾತು ಬಂದಾಗ. ತಮ್ಮ ಹೆಸರಿನ ಕಾರ್ಡ್ ಇನ್ನೂ ಬಂದಿಲ್ಲ, ತೆರಿಗೆ ಗುರುತಿನ ಸಂಖ್ಯೆಯ ಪತ್ರವೂ ಬಂದಿಲ್ಲ ಎಂದರು. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆನ್ನುವುದು ಜರ್ಮನಿಯ ನಿಯಮ. ಅದನ್ನು ಗಂಡ ತಪ್ಪದೆ ಮಾಡಿಸಿದ್ದರು. ಆದರೆ ಅಲ್ಲಿ ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಆ ಹೆಸರು ಇಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ವನಜಾ ಅವರ ಪಾಸ್‌ಪೋರ್ಟಿನಲ್ಲಿ, ನಮ್ಮಲ್ಲಿ ಬಹಳ ಜನರಿಗೆ ಇರುವಂತೆ, ಕೊನೆಯ ಹೆಸರಾಗಿ ಇದ್ದದ್ದು ತಂದೆಯ ಹೆಸರು. ಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ ಗಂಡನ ಹೆಸರೊಂದೇ. ಬಾಡಿಗೆ ಕರಾರು, ವಿದ್ಯುತ್, ಇಂಟರ್ನೆಟ್, ಕೊನೆಗೆ ಈಕೆಯ ಮೊಬೈಲ್ ಸಿಮ್ ಸಹ ಗಂಡನದೇ. ಹಾಸನದಲ್ಲಿ ನೂರಾರು ಮಕ್ಕಳ ಹಾಜರಾತಿ ಕೂಗುತ್ತಿದ್ದವರು ಮ್ಯೂನಿಕ್‌ನಲ್ಲಿ ಮನೆಯ ಯಾವ ಕಾಗದದಲ್ಲೂ ಇರಲಿಲ್ಲ. ಮನೆಯ ನೆನಪು ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಕೈಲಾಗುವವಳು ಎಂಬ ತನ್ನ ಬಗೆಗಿನ ನಂಬಿಕೆ ಹೋಗಿತ್ತು.

ಮುಂದಿನ ಭೇಟಿಗೆ ಗಂಡನನ್ನೂ ಕೂರಿಸಿಕೊಂಡೆ. “ಮೇಡಂ, ಅವಳಿಗೆ ಒಂದು ಕಷ್ಟವನ್ನೂ ನಾನು ಕೊಟ್ಟಿಲ್ಲ. ಭಾಷೆ ಬರುವುದಿಲ್ಲವಲ್ಲ ಎಂದು ಎಲ್ಲವನ್ನೂ ನಾನೇ ಮಾಡಿಕೊಂಡು ಬಂದಿದ್ದೇನೆ” ಎಂದರು. ಸುಳ್ಳಲ್ಲ. ಹಾಲಿನಿಂದ ಹಿಡಿದು ವಿಮೆಯ ತನಕ ಎಲ್ಲವೂ ಅವರದೇ ಓಡಾಟ. ಒಂದು ತಿಂಗಳ ಮಟ್ಟಿಗೆ ಆ ಒಳ್ಳೆಯತನವನ್ನು ಸ್ವಲ್ಪ ಕಟ್ಟಿಡಿ ಎಂದೆ. ಕೆಲವು ಕೆಲಸಗಳನ್ನು ವನಜಾ ಅವರಿಗೇ ಬಿಡಬೇಕು. ತಡವಾದರೂ ತಪ್ಪಾದರೂ ಇವರು ನಡುವೆ ಬಾಯಿ ಹಾಕಬಾರದು. ಗಂಡನ ಮುಖದಲ್ಲಿ ಅಸಮಾಧಾನ ಕಂಡಿತು. ಒಪ್ಪಿದರು.

ಮೊದಲನೆಯದು ಅಂಚೆಪೆಟ್ಟಿಗೆಯ ಮೇಲಿನ ಹೆಸರು. ಕಟ್ಟಡ ನೋಡಿಕೊಳ್ಳುವ ‘ಹೌಸ್‌ಮೈಸ್ಟರ್’ ಅವರಿಗೆ ವನಜಾ ತಾವೇ ಇಮೇಲ್ ಬರೆದರು. ಉತ್ತರ ಬರುವ ತನಕ ಕಾಯದೆ ಬಿಳಿ ಕಾಗದದಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದು ಟೇಪ್ ಹಚ್ಚಿ ಅಂಟಿಸಿದರು. ತೆರಿಗೆ ಸಂಖ್ಯೆಯ ಪತ್ರ ಇನ್ನೊಮ್ಮೆ ಕಳಿಸುವಂತೆ ಅರ್ಜಿಯನ್ನೂ ಅವರೇ ಹಾಕಿದರು.

ಎರಡನೆಯದು ಚೀಟಿಯ ವಿಚಾರ. ಬಂದ ಹೊಸದರಲ್ಲಿ ಕೆಳಮನೆಯವರು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ವನಜಾ ಅದನ್ನು ಓದಿಸಿಕೊಳ್ಳಲೂ ಹೆದರಿ ಪುಸ್ತಕದಲ್ಲಿ ಮಡಚಿಟ್ಟಿದ್ದರು. ಆವತ್ತಿನಿಂದ ಮಿಕ್ಸಿ ಮುಟ್ಟಿರಲಿಲ್ಲ. ಚಟ್ನಿಯಿಲ್ಲದ ದೋಸೆ ಎರಡು ತಿಂಗಳು! ಗಂಡನಿಗೆ ವಿಷಯವೇ ಗೊತ್ತಿರಲಿಲ್ಲ. ನಮ್ಮ ಮಾತಿನ ನಡುವೆಯೇ ವನಜಾ ಚೀಟಿಗೆ ಮೊಬೈಲ್ ಹಿಡಿದು ಅನುವಾದ ಓದಿಸಿದರು. ಭಾನುವಾರ ಬೆಳಿಗ್ಗೆ ಯಂತ್ರದ ಸದ್ದು ಬೇಡ, ಉಳಿದ ದಿನ ಅಡ್ಡಿಯಿಲ್ಲ ಎಂದಷ್ಟೇ ಇತ್ತು. ಜರ್ಮನಿಯಲ್ಲಿ ಭಾನುವಾರವಿಡೀ ಮೌನದ ದಿನ. ಅಂಗಡಿಗಳೂ ಬಹುಪಾಲು ಮುಚ್ಚಿರುತ್ತವೆ. ರಾತ್ರಿ ಹತ್ತರ ನಂತರವೂ ಅಷ್ಟೇ. ಇದರಲ್ಲಿ ನಿಮ್ಮ ಬಣ್ಣಕ್ಕೂ ದೇಶಕ್ಕೂ ಸಂಬಂಧವಿಲ್ಲ, ಅಲ್ಲಿಯವರು ಗೋಡೆ ಕೊರೆದರೂ ಇದೇ ಚೀಟಿ ಬರುತ್ತದೆ ಎಂದೆ. ಎಲ್ಲ ಚೀಟಿಗಳೂ ಇಷ್ಟು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ನಿಜವಾದ ಅವಮಾನ ಎದುರಿಸಿ ಬಂದವರೂ ನನ್ನಲ್ಲಿ ಮಾತನಾಡಿದ್ದಾರೆ. ಆದರೆ ಓದದೇ ಹೆದರುವುದಕ್ಕಿಂತ ಓದಿ ಸಿಟ್ಟಾಗುವುದು ವಾಸಿ.

ಅಮ್ಮನ ಕರೆಯನ್ನು ನಿಲ್ಲಿಸಲು ಹೇಳಲಿಲ್ಲ; ಹೊತ್ತು ಬದಲಿಸಿದೆವು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ ಎಂದರೆ ಹಾಸನದಲ್ಲಿ ಸಂಜೆ ಐದು, ಅಮ್ಮ ಕಾಫಿ ಕುಡಿಯುವ ಸಮಯ. ಅದಕ್ಕೆ ಮುಂಚೆ, ಬೆಳಕಿರುವಾಗ, ಮಳೆಯಿರಲಿ ಮಂಜಿರಲಿ ಮನೆಯಿಂದ ಹೊರಗೆ ಕಾಲಿಡಲೇಬೇಕು. ಸುಮ್ಮನೆ ನಡೆದು ಬನ್ನಿ ಎಂದರೆ ಯಾರೂ ಹೋಗುವುದಿಲ್ಲ, ಒಂದು ಕೆಲಸ ಬೇಕು. ಅಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೊಟ್ಟು ಹಣ ಪಡೆಯಬಹುದು. ಬಾಟಲಿಗಳ ಚೀಲ ಈಕೆಯ ಪಾಲಿಗೆ ಬಂತು. ಚಿಲ್ಲರೆ ಪಡೆಯುವಾಗ ಅಂಗಡಿಯವರೊಡನೆ ಆಡಿದ ಎರಡು ಮಾತೇ ಆ ಊರಿನವರೊಡನೆ ಅವರ ಮೊದಲ ವ್ಯವಹಾರ.

ಗಂಡನಿಗೆ ಇನ್ನೊಂದು ಯೋಚನೆಯಿತ್ತು: ಮನೆಯಿಂದಲೇ ಇಲ್ಲಿಯ ಪಿಯುಸಿ ಮಕ್ಕಳಿಗೆ ಆನ್‌ಲೈನ್ ಪಾಠ. ಕೇಳಲು ಚೆನ್ನಾಗಿದೆ. ನಾನು ಸದ್ಯಕ್ಕೆ ಬೇಡ ಎಂದೆ. ಮಕ್ಕಳು ಕಾಲೇಜಿಗೆ ಹೋಗುವ ಮುಂಚೆ ಪಾಠ ಎಂದರೆ ಮತ್ತೆ ಅದೇ ರಾತ್ರಿ ಎರಡು ಗಂಟೆ. ತೆರಿಗೆಯ ನಿಯಮಗಳನ್ನೂ ವಿಚಾರಿಸಬೇಕು. ಅದರ ಬದಲು ಮ್ಯೂನಿಕ್‌ನ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ವಯಸ್ಕರ ಸಾರ್ವಜನಿಕ ಶಿಕ್ಷಣ ಕೇಂದ್ರದಲ್ಲಿ, ಜರ್ಮನ್ ತರಗತಿ ಸೇರಲು ಹೇಳಿದೆ. ಬ್ಲೂ ಕಾರ್ಡ್‌ದಾರರ ಪತ್ನಿಯಾಗಿ ಅವರಿಗೆ ಅಲ್ಲಿ ಉದ್ಯೋಗ ಮಾಡುವ ಹಕ್ಕಿದೆ, ತಡೆದಿದ್ದದ್ದು ಭಾಷೆ. ಆನ್‌ಲೈನ್ ಅಪ್ಲಿಕೇಶನ್‌ನಲ್ಲಿ ಕಲಿಯುತ್ತೇನೆ ಎಂದರು. ತರಗತಿಗೇ ಹೋಗಿ ಎಂದು ಹಟ ಹಿಡಿದೆ. ಬರದಿದ್ದರೆ “ಏಕೆ ಬರಲಿಲ್ಲ?” ಎಂದು ಕೇಳುವ ಒಬ್ಬರಾದರೂ ಆ ಊರಿನಲ್ಲಿ ಇರಬೇಕಿತ್ತು.

ಕನ್ನಡ ಕೂಟದ ಬಗ್ಗೆಯೂ ಕೇಳಿದರು. ಹೋಗಿ, ರಾಜ್ಯೋತ್ಸವಕ್ಕೆ ಹಾಡಿ, ಬಿಸಿಬೇಳೆಬಾತ್ ಉಂಡು ಬನ್ನಿ. ಆದರೆ ಹಬ್ಬದ ಸ್ನೇಹ ವಾರದ ಮಧ್ಯದ ಮಂಗಳವಾರಕ್ಕೆ ಸಾಲುವುದಿಲ್ಲ. ಗಂಡಂದಿರ ಸಂಬಳ, ಮಕ್ಕಳ ಯೋಜನೆ ವಿಚಾರಿಸುವ ಗುಂಪಿನಿಂದ ಎದ್ದು ಬರಲು ಸಂಕೋಚಪಡಬೇಡಿ ಎಂದೂ ಹೇಳಿದೆ.

ಉದ್ಯೋಗದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಿಲ್ಲ. ಜರ್ಮನಿಯಲ್ಲಿ ಶಾಲಾ ಶಿಕ್ಷಕ ವೃತ್ತಿಗೆ ಆಯಾ ರಾಜ್ಯದ ಕಟ್ಟುನಿಟ್ಟಿನ ಅರ್ಹತೆಗಳಿವೆ, ಉನ್ನತ ಮಟ್ಟದ ಭಾಷೆಯೂ ಬೇಕು. ಹಾಸನದ ಕಪ್ಪುಹಲಗೆ ಸದ್ಯಕ್ಕಂತೂ ಅಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಒಂದಿಡೀ ಭೇಟಿ ಅತ್ತರು. ಅಳಲು ಬಿಟ್ಟೆ, ಕಳೆದುಕೊಂಡದ್ದು ದೊಡ್ಡದೇ. ಅನಂತರ ಪದವಿಗೆ ಅಲ್ಲಿ ಎಷ್ಟು ಬೆಲೆ ಎಂದು ‘ಅನಾಬಿನ್’ ಎಂಬ ಸರ್ಕಾರಿ ಮಾಹಿತಿಕೋಶದಲ್ಲಿ ಹುಡುಕುವ ಕೆಲಸವನ್ನು ಅವರೇ ಕೈಗೆತ್ತಿಕೊಂಡರು.

ಫೆಬ್ರುವರಿ ವೇಳೆಗೆ ನಿದ್ದೆ ಹಳಿಗೆ ಬಂತು. ವಿಟಮಿನ್ ಡಿ ಕಡಿಮೆಯಿತ್ತು; ವೈದ್ಯರು ಮಾತ್ರೆ ಕೊಟ್ಟರು. ತರಗತಿಯಲ್ಲಿ ಸಿರಿಯಾದ ಒಬ್ಬ ಮಹಿಳೆಯ ಜೊತೆ ಸಲಿಗೆ ಬೆಳೆದಿದೆ. ಇಬ್ಬರೂ ಹರಕು ಜರ್ಮನ್‌ನಲ್ಲಿ ಅತ್ತೆಯರ ಬಗ್ಗೆ ಮಾತನಾಡಿಕೊಳ್ಳುತ್ತಾರಂತೆ. ಮ್ಯೂನಿಕ್ ಇಷ್ಟವಾಯಿತೇ ಎಂದರೆ ಈಗಲೂ “ಇಲ್ಲ” ಎನ್ನುತ್ತಾರೆ. ಇಷ್ಟವಾಗಲೇಬೇಕು ಎಂಬ ಗುರಿಯನ್ನು ನಾನು ಇಟ್ಟಿರಲೂ ಇಲ್ಲ. ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿಕೊಂಡಿದ್ದೇವೆ. ಮೇ ತಿಂಗಳಲ್ಲಿ ಅತ್ತೆ ಮಾವ ಷೆಂಗೆನ್ ವೀಸಾದಲ್ಲಿ ಬರುತ್ತಿದ್ದಾರೆ, ತೊಂಬತ್ತು ದಿನ. ಆಗ ತರಗತಿ ಬಿಡಬೇಕಾಗುತ್ತದೆಯೇ ಎಂಬ ಮಾತು ಮನೆಯಲ್ಲಿ ಈಗಲೇ ಎದ್ದಿದೆ. ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಅದನ್ನು ಅತ್ತೆಗೆ ಯಾರು, ಹೇಗೆ ಹೇಳಬೇಕು ಎಂಬುದರ ಬಗ್ಗೆ ಮುಂದಿನ ಸಲ ಗಂಡನನ್ನೂ ಕೂರಿಸಿಕೊಂಡು ಮಾತನಾಡಲಿದ್ದೇವೆ.