ದತ್ತಿನಿಧಿ ಕರಗದಿರುವುದು ಹೇಗೆ?

ಒಮ್ಮೆ ಕೊಟ್ಟ ದೇಣಿಗೆಯಿಂದ ಪ್ರಾಣಿವರ್ತನೆಯ ಸಂಶೋಧನೆ ದಶಕಗಳ ಕಾಲ ನಡೆಯುವುದು ಹೇಗೆ, ವಿಷಯವನ್ನು ದಾನಿಯೇ ನಿರ್ಧರಿಸುತ್ತಾರೆಯೇ ಎಂದು ತಾವು ಕೇಳಿದ್ದೀರಿ.

ದತ್ತಿನಿಧಿಯಲ್ಲಿ ಇಡುಗಂಟನ್ನು ಮುಟ್ಟುವುದಿಲ್ಲ. ಅದನ್ನು ಹೂಡಿಕೆ ಮಾಡಿ, ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ತೆಗೆದು, ಮಿಕ್ಕ ಗಳಿಕೆಯನ್ನು ಹಣದುಬ್ಬರ ನುಂಗದಂತೆ ಅಸಲಿಗೇ ಸೇರಿಸುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದಲ್ಲಿ, ವನ್ಯಜೀವಿಗಳ ಧ್ವನಿ ಆಲಿಸಿ ಸಂರಕ್ಷಣೆಗೆ ನೆರವಾಗುವ ಕೇಂದ್ರವೊಂದಿದೆ. 2021ರಲ್ಲಿ ಕೆ. ಲೀಸಾ ಯಾಂಗ್ ಅವರು ಅದಕ್ಕೆ 2.4 ಕೋಟಿ ಡಾಲರ್ ದತ್ತಿ ನೀಡಿದರು. ಕೇಂದ್ರ ಈಗ ಅವರ ಹೆಸರಿನಲ್ಲೇ ಇದೆ. ಅಷ್ಟೂ ಹಣ ಇಡುಗಂಟಾದರೆ, ಶೇಕಡಾ 4ರ ಲೆಕ್ಕದಲ್ಲಿ ವರ್ಷಕ್ಕೆ 9.6 ಲಕ್ಷ ಡಾಲರ್ ದೊರೆಯುತ್ತದೆ.

ಆನೆಗಳು ಮನುಷ್ಯರ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಮಾತಾಡುತ್ತವೆಂದು 1980ರ ದಶಕದಲ್ಲಿ ಕಂಡುಕೊಂಡ ಕೇಟಿ ಪೇನ್ ಅವರು ಕಾರ್ನೆಲ್‌ನಲ್ಲೇ ಆರಂಭಿಸಿದ ಯೋಜನೆಯು, ಆನೆ ಕಣ್ಣಿಗೆ ಬೀಳುವುದೇ ಅಪರೂಪವಾದ ಮಧ್ಯ ಆಫ್ರಿಕಾದ ದಟ್ಟ ಕಾಡುಗಳಲ್ಲಿ ಮರಗಳಿಗೆ ಧ್ವನಿಮುದ್ರಕ ಕಟ್ಟಿ, ಆನೆಗಳ ಕರೆಯನ್ನೂ ಬೇಟೆಗಾರರ ಗುಂಡಿನ ಸದ್ದನ್ನೂ ತಿಂಗಳುಗಟ್ಟಲೆ ದಾಖಲಿಸುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮರಿ ಹಾಕುವ ಪ್ರಾಣಿಯ ಅಧ್ಯಯನಕ್ಕೆ ಮೂರು ವರ್ಷದ ಅನುದಾನ (ಅದೂ ಸಕಾಲಕ್ಕೆ ಕೈಸೇರಿದರೆ) ಯಾವ ಮೂಲೆಗೆ ಸಾಲುತ್ತದೆ?

ಇನ್ನು ದಾನಿಯ ಅಧಿಕಾರದ ಮಾತು. ದತ್ತಿಪತ್ರದಲ್ಲಿ ಉದ್ದೇಶವನ್ನು ಬರೆಸಬಹುದು. ಯಾವ ಪ್ರಾಣಿ, ಯಾವ ಪ್ರಶ್ನೆ ಎಂಬುದನ್ನು ಸಾಮಾನ್ಯವಾಗಿ ವಿಜ್ಞಾನಿಗಳಿಗೇ ಬಿಡಲಾಗುತ್ತದೆ. ಉದ್ದೇಶವನ್ನು ತೀರಾ ಕಿರಿದಾಗಿ ಬರೆಸಿದರೆ ಮುಂದೊಮ್ಮೆ ಹಣವಿದ್ದೂ ಬಳಸಲಾಗದ ಪರಿಸ್ಥಿತಿ ಬರುತ್ತದೆ.