ಪಟ್ಟಿ ಇರಲಿ, ಮೊದಲು ನಾಟಕ ತೋರಿಸಿ

ಹಾಸನ ಜಿಲ್ಲೆಯ ಕನ್ನಡ ಉಪನ್ಯಾಸಕಿಯೊಬ್ಬರ ಪತ್ರ: "ಅಂಕ, ದೃಶ್ಯ, ಸ್ವಗತ, ನೇಪಥ್ಯ, ರಂಗಸೂಚನೆ ಮುಂತಾಗಿ ನಾಟಕ ವಿಮರ್ಶೆಗೆ ಬೇಕಾದ 50 ಪದಗಳಿಗೆ ಅರ್ಥ ಬರೆದು ಪ್ರಕಟಿಸಿ. ಮಕ್ಕಳಿಗೆ ಪರೀಕ್ಷೆಗೆ ಅನುಕೂಲ."

ಸಂಪಾದಕರ ಉತ್ತರ:

ಮೇಡಂ, ಪರೀಕ್ಷೆಗೆ ಪಟ್ಟಿ ಬೇಕು, ಒಪ್ಪಿದೆ. ಮಕ್ಕಳ ಬಗ್ಗೆ ನಿಮಗಿರುವ ಕಾಳಜಿಯೂ ಅರ್ಥವಾಗುತ್ತದೆ. ಆದರೆ ಅವರು ಒಂದಾದರೂ ನಾಟಕ ನೋಡಿದ್ದಾರಾ? ಪತ್ರದಲ್ಲಿ ಆ ಮಾತೇ ಇಲ್ಲವಲ್ಲ.

ಸ್ವಗತವನ್ನೇ ತಗೊಳ್ಳಿ. 'ಪಾತ್ರ ತನ್ನಷ್ಟಕ್ಕೆ ಆಡುವ ಮಾತು' ಅಂತ ಬರೆದರೆ ಮಾರ್ಕ್ಸ್ ಸಿಗುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ಕೂತ ನಮಗೆ ಕೇಳಿಸಿದ್ದು ಪಕ್ಕದಲ್ಲೇ ನಿಂತ ಪಾತ್ರಕ್ಕೆ ಕೇಳಿಸಲಿಲ್ಲ ಅಂತ ನಾವು ಹೇಗೆ ನಂಬುತ್ತೇವೆ? ಇದು ನೋಡಿದವರಿಗಷ್ಟೇ ಹುಟ್ಟುವ ಪ್ರಶ್ನೆ.

ದೃಶ್ಯ ಅನ್ನೋ ಒಂದೇ ಪದ ಹಿಡಿದು ಕಾರ್ನಾಡರ 'ತುಘಲಕ್' (1964) ನಾಟಕವನ್ನು ವಾರಗಟ್ಟಲೆ ಪಾಠ ಮಾಡಬಹುದು. ಕಂಪನಿ ನಾಟಕದಲ್ಲಿ ಬೀದಿ ಬರೆದ ಪರದೆ ಇಳಿಬಿಟ್ಟು, ಅದರ ಮುಂದೆ ಹಾಸ್ಯದವರು ಆಡುತ್ತಿದ್ದರು. ಅಷ್ಟರಲ್ಲಿ ಪರದೆಯ ಹಿಂದೆ ಅರಮನೆ ಸೀನು ಸಿದ್ಧವಾಗುತ್ತಿತ್ತು. ಮುಂದೆ ಜನಸಾಮಾನ್ಯರು, ಹಿಂದೆ ರಾಜರು. ಕಾರ್ನಾಡರು ಈ ಕ್ರಮವನ್ನೇ ತಗೊಂಡರು. ಆದರೆ ಅಗಸರ ಅಜೀಜ್ ಬೀದಿ ಪರದೆಯ ಮುಂದೆ ಸುಮ್ನೆ ನಿಲ್ಲೋ ಆಸಾಮಿ ಅಲ್ಲ. ವೇಷದ ಮೇಲೆ ವೇಷ ಹಾಕಿ ಕೊನೆಗೆ ಸುಲ್ತಾನನ ಎದುರಿಗೇ ಬರುತ್ತಾನೆ. ಸುಲ್ತಾನನೋ, ಶಿಕ್ಷೆ ಕೊಡೋದು ಬಿಟ್ಟು ದಖ್ಖನ್ನಿನಲ್ಲಿ ಅಧಿಕಾರ ಕೊಡುತ್ತಾನೆ! ಬೀದಿಗೂ ಅರಮನೆಗೂ ನಡುವೆ ಇದ್ದ ಗೆರೆ ಅಳಿಸಿಹೋದದ್ದು ರಂಗದ ಮೇಲೆ ಕಣ್ಣಿಗೇ ಕಾಣುತ್ತದೆ.

ಪಾತ್ರಪ್ರವೇಶ ಅಂದರೇನು ಅಂತ ತಿಳಿಯೋಕೆ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ನೋಡಬೇಕು. ಇಬ್ಬರು ತೆರೆ ಹಿಡಿದಿರುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲೆ ಬರೀ ಕಿರೀಟ ಕಾಣುತ್ತದೆ, ಹಿಂದಿನಿಂದ ಅಬ್ಬರ ಕೇಳುತ್ತದೆ. ಮುಖ ಕಾಣುವ ಮೊದಲೇ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ.

ಕಾಲೇಜುಗಳು ಫ್ಯಾಕ್ಟರಿ ನೋಡೋಕೆ ಬಸ್ ಮಾಡುತ್ತವೆ, ನಾಟಕಕ್ಕೆ ಮಾಡಲ್ಲ. ವಾರ್ಷಿಕೋತ್ಸವ ಅಂದರೆ ಸಿನಿಮಾ ಹಾಡಿಗೆ ಕುಣಿತ, ಅಷ್ಟೇ. ಊರಿನ ರಂಗಮಂದಿರದಲ್ಲಿ ನಾಟಕಕ್ಕಿಂತ ಸನ್ಮಾನ ಸಮಾರಂಭಗಳೇ ಜಾಸ್ತಿ. ಆಮೇಲೆ 'ಮಕ್ಕಳಿಗೆ ಸಾಹಿತ್ಯದ ರುಚಿ ಇಲ್ಲ' ಅಂತ ಅವರ ಮೇಲೇ ದೂರು. ಇದು ಅನ್ಯಾಯ ಅಲ್ವಾ?

ಹೆಗ್ಗೋಡಿನ ನೀನಾಸಂ 1985ರಿಂದ 'ತಿರುಗಾಟ' ತಂಡ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ಯುತ್ತಿದೆ. ಹತ್ತಿರದ ಊರಿಗೆ ಬಂದಾಗ ಪ್ರಾಂಶುಪಾಲರನ್ನು ಒಪ್ಪಿಸಿ, ಮಕ್ಕಳನ್ನು ಕರ್ಕೊಂಡು ಹೋಗಿ. ಮರುದಿನ ಅವರ ಕೈಯಲ್ಲೇ ಪದಪಟ್ಟಿ ಬರೆಸಿ ನಮಗೆ ಕಳಿಸಿ. ಖಂಡಿತ ಪ್ರಕಟಿಸುತ್ತೇವೆ.