ಮೊಡವೆ, ಕಲೆ ತೆಗೆದ ಮೇಲೂ ಮುಖ ಸಹಜವಾಗಿ ಕಾಣಬೇಕಾದರೆ ಹೇಗೆ ಎಡಿಟ್ ಮಾಡಬೇಕು?

ಫೋಟೋ ಎಡಿಟಿಂಗ್ ಈಗಷ್ಟೇ ಶುರು ಮಾಡಿದ್ದೀರಿ, ಮೊಡವೆ ತೆಗೆಯಲು ಹೋದಾಗಲೆಲ್ಲ ಮುಖ ಮೇಣದ ಗೊಂಬೆ ಥರ ಆಗುತ್ತಿದೆ, ಇದಕ್ಕೆ ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ಆ್ಯಪ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಮುಖ ಹಾಗೇಕೆ ಆಗುತ್ತದೆ ಅಂತ ನೋಡೋಣ.

ನೀವು ಬಹುಶಃ 'ಸ್ಮೂತ್' ಅಥವಾ 'ಬ್ಯೂಟಿ' ಅಂತ ಹೆಸರಿರುವ ಸ್ಲೈಡರ್ ಎಳೆಯುತ್ತಿದ್ದೀರಿ. ಅದರಲ್ಲಿ ಮುಖದ ಚರ್ಮವೆಲ್ಲ ಒಟ್ಟಿಗೆ ಮಬ್ಬಾಗುತ್ತದೆ. ಮೊಡವೆ ಹೋಗುತ್ತದೆ, ನಿಜ. ಅದರ ಜೊತೆಗೆ ಚರ್ಮದ ಸಣ್ಣ ಸಣ್ಣ ರಂಧ್ರಗಳು, ಕೆನ್ನೆ ಮೇಲಿನ ನವಿರು ಕೂದಲು, ಬೆಳಕು ನೆರಳಿನ ಸೂಕ್ಷ್ಮ ಏರಿಳಿತ ಎಲ್ಲವೂ ಹೋಗುತ್ತವೆ. ನಮ್ಮ ಕಣ್ಣು ಚರ್ಮವನ್ನು ಗುರುತಿಸುವುದೇ ಈ ತರಿತರಿಯಿಂದ. ಅದಿಲ್ಲದಿದ್ದರೆ ಏನೋ ತಪ್ಪಾಗಿದೆ ಅಂತ ತಕ್ಷಣ ಅನಿಸುತ್ತದೆ. ಹಾಗಾಗಿ ಆ ಸ್ಲೈಡರ್ ಬಿಟ್ಟುಬಿಡಿ. ಒಂದೊಂದೇ ಕಲೆ ಹುಡುಕಿ, ಅದನ್ನಷ್ಟೇ ತೆಗೆಯಿರಿ. ನಿಧಾನದ ಕೆಲಸ ಅನಿಸಬಹುದು, ಆದರೆ ಒಂದು ಮುಖಕ್ಕೆ ಕೆಲವೇ ನಿಮಿಷ ಸಾಕು.

ಇದಕ್ಕೆ ಮುಖ್ಯವಾಗಿ ಎರಡು ಟೂಲ್ ಇವೆ: ಕ್ಲೋನ್ ಮತ್ತು ಹೀಲಿಂಗ್. ಕ್ಲೋನ್ ಒಂದು ಜಾಗದಲ್ಲಿ ಇರುವುದನ್ನು ಬಣ್ಣ, ಹೊಳಪು ಸಮೇತ ಇದ್ದ ಹಾಗೇ ಇನ್ನೊಂದು ಜಾಗಕ್ಕೆ ಅಂಟಿಸುತ್ತದೆ. ಹೀಲಿಂಗ್ ಮೂಲ ಜಾಗದಿಂದ ತರಿಯನ್ನು ಮಾತ್ರ ತರುತ್ತದೆ. ಬಣ್ಣ ಮತ್ತು ಹೊಳಪನ್ನು ಅಂಟಿಸುವ ಜಾಗದ ಸುತ್ತಮುತ್ತ ನೋಡಿ ಹೊಂದಿಸಿಕೊಳ್ಳುತ್ತದೆ. ಫೋಟೋಶಾಪ್‌ಗೆ ಹೀಲಿಂಗ್ ಬ್ರಷ್ ಬಂದದ್ದು 2002ರ 7ನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಮುಖದ ಕಲೆಗಳನ್ನೂ ಕ್ಲೋನ್‌ನಲ್ಲೇ ಕಷ್ಟಪಟ್ಟು ತೆಗೆಯಬೇಕಿತ್ತು. ಚರ್ಮದ ಮೇಲೆ ಬೆಳಕು ಒಂದೊಂದು ಜಾಗದಲ್ಲಿ ಒಂದೊಂದು ಥರ ಬಿದ್ದಿರುತ್ತದೆ, ಕ್ಲೋನ್ ಮಾಡಿದ ತುಂಡು ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಹೊಸಬರು ಹೀಲಿಂಗ್‌ನಿಂದ ಶುರು ಮಾಡುವುದೇ ಒಳ್ಳೆಯದು.

ಈಗ ಒಂದು ಮೊಡವೆಯನ್ನೇ ತೆಗೆದುಕೊಳ್ಳೋಣ. ಕೆನ್ನೆ ಮಧ್ಯದಲ್ಲಿ ಒಂದು ಕೆಂಪು ಮೊಡವೆ ಇದೆ. ಫೋಟೋವನ್ನು 100% ಜೂಮ್‌ಗೆ ತನ್ನಿ. ಗಮನವಿಟ್ಟು ನೋಡಿ: ಮಧ್ಯದಲ್ಲಿ ಉಬ್ಬು ಇದೆ, ಅದರ ಸುತ್ತ ಮಸುಕಾದ ಕೆಂಪು ಬಳೆ ಇದೆ. ಬ್ರಷ್ ಉಬ್ಬಿನಷ್ಟೇ ಇದ್ದರೆ ಸಾಲದು. ಆ ಕೆಂಪು ಬಳೆಯನ್ನೂ ದಾಟಿ ಸ್ವಲ್ಪ ಹೊರಗೆ ಇರಬೇಕು. ಯಾಕೆಂದರೆ ಹೀಲಿಂಗ್ ಬಣ್ಣ ಎತ್ತಿಕೊಳ್ಳುವುದು ಬ್ರಷ್‌ನ ಅಂಚಿನಿಂದ. ಅಂಚು ಕೆಂಪಿನ ಮೇಲೇ ಕೂತರೆ ಆ ಕೆಂಪೇ ಒಳಗೆ ಹರಡುತ್ತದೆ. ಉಬ್ಬು ಮಾಯವಾಗುತ್ತದೆ, ಆದರೆ ಗುಲಾಬಿ ಬಣ್ಣದ ಒಂದು ಕೊಳಕು ಚುಕ್ಕೆ ಉಳಿಯುತ್ತದೆ. ಹೊಸಬರು ಅದರ ಮೇಲೆ ಮತ್ತೆ ಮತ್ತೆ ಉಜ್ಜುತ್ತಾರೆ, ಪ್ರತಿ ಸಲವೂ ಅದು ಇನ್ನಷ್ಟು ಮಬ್ಬಾಗುತ್ತದೆ. ಹಾಗೆ ಆದರೆ ಉಜ್ಜಬೇಡಿ. ಅನ್‌ಡೂ ಮಾಡಿ, ಬ್ರಷ್ ಸ್ವಲ್ಪ ದೊಡ್ಡದು ಮಾಡಿ, ಒಂದೇ ಒಂದು ಕ್ಲಿಕ್ ಕೊಡಿ. ಫೋಟೋಶಾಪ್‌ನಲ್ಲಿ ಕೀಬೋರ್ಡ್‌ನ ಚೌಕ ಆವರಣದ ಎರಡು ಕೀಗಳಿಂದ ಬ್ರಷ್ ದೊಡ್ಡದು, ಚಿಕ್ಕದು ಆಗುತ್ತದೆ. ಇದೊಂದು ಕೈಗೆ ಅಭ್ಯಾಸವಾದರೆ ಕೆಲಸ ತುಂಬಾ ಬೇಗ ಆಗುತ್ತದೆ, ಪ್ರತಿ ಕಲೆಗೂ ಅಳತೆ ಬದಲಿಸಲು ಬೇಜಾರಾಗುವುದಿಲ್ಲ.

ಸ್ಪಾಟ್ ಹೀಲಿಂಗ್ ಅಂತ ಇನ್ನೊಂದು ಬ್ರಷ್ ಇದೆ. ಅದು ಮೂಲ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಕೆನ್ನೆ, ಹಣೆಯಂಥ ಬಯಲು ಜಾಗಕ್ಕೆ ಅದು ಸಾಕು. ಮೂಲವನ್ನು ನೀವೇ ಆರಿಸಬೇಕಾದರೆ ಸಾಧಾರಣ ಹೀಲಿಂಗ್ ಬ್ರಷ್ ಬಳಸಿ. ಫೋಟೋಶಾಪ್‌ನಲ್ಲಿ ಆಲ್ಟ್ ಕೀ, ಜಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದು ಒಳ್ಳೆಯ ಚರ್ಮದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಕಲೆಯ ಮೇಲೆ. ಆರಿಸುವಾಗ ಸ್ವಲ್ಪ ಯೋಚಿಸಿ. ಮೂಗಿನ ಮೇಲಿನ ರಂಧ್ರಗಳು ದೊಡ್ಡವು, ಕಣ್ಣಿನ ಕೆಳಗಿನ ಚರ್ಮ ತೆಳು, ಹಣೆಯದ್ದೇ ಬೇರೆ ಥರ. ಕೆನ್ನೆಯ ಕಲೆಗೆ ಅದೇ ಕೆನ್ನೆಯಿಂದಲೇ, ಅದೂ ಪಕ್ಕದಿಂದಲೇ ತೆಗೆದುಕೊಳ್ಳಿ. ಒಂದೇ ಜಾಗದಿಂದ ಪದೇ ಪದೇ ತೆಗೆದರೆ ಒಂದೇ ಮಾದರಿ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಆಗಾಗ ಮೂಲ ಬದಲಿಸುತ್ತಿರಿ.

ಎಲ್ಲಕ್ಕಿಂತ ಕಷ್ಟದ ಜಾಗ ಅಂಚುಗಳು: ತುಟಿಯ ಗೆರೆ, ಮೂಗಿನ ಹೊಳ್ಳೆ, ಹುಬ್ಬು, ಕೂದಲು ಶುರುವಾಗುವ ಜಾಗ. ಅಲ್ಲಿ ಹೀಲಿಂಗ್ ಮಾಡಿದರೆ ಪಕ್ಕದ ಗಾಢ ಬಣ್ಣ ಚರ್ಮದೊಳಕ್ಕೆ ಮಸಿಯಂತೆ ಬಂದುಬಿಡುತ್ತದೆ. ಕಾರಣ ಅದೇ, ಬ್ರಷ್‌ನ ಅಂಚು ತುಟಿಯನ್ನೋ ಹುಬ್ಬನ್ನೋ ಮುಟ್ಟಿರುತ್ತದೆ. ಇದಕ್ಕೆ ಎರಡು ದಾರಿ ಇವೆ. ಒಂದು, ಬೇಕಾದ ಭಾಗದ ಸುತ್ತ ಗೆರೆ ಎಳೆದು ಆರಿಸುವ ಲ್ಯಾಸೊ ಟೂಲ್‌ನಿಂದ ತುಟಿಯ ಗೆರೆಯ ಪಕ್ಕದಲ್ಲೇ ಬರುವಂತೆ ಚರ್ಮದ ಭಾಗವನ್ನು ಮಾತ್ರ ಸೆಲೆಕ್ಟ್ ಮಾಡಿಕೊಂಡು ಅದರೊಳಗೆ ಹೀಲ್ ಮಾಡುವುದು. ಇನ್ನೊಂದು, ಆ ಜಾಗಕ್ಕೆ ಮಾತ್ರ ಮೃದು ಅಂಚಿನ ಸಣ್ಣ ಕ್ಲೋನ್ ಬ್ರಷ್ ಹಿಡಿಯುವುದು. ನನಗೆ ಎರಡನೆಯದೇ ಇಷ್ಟ, ಬೇಗ ಆಗುತ್ತದೆ.

ಒಂದು ಮಾತು ಮಾತ್ರ ತಪ್ಪದೆ ಪಾಲಿಸಿ: ಮೂಲ ಫೋಟೋ ಮೇಲೆ ನೇರವಾಗಿ ಕೆಲಸ ಮಾಡಬೇಡಿ. ಫೋಟೋಶಾಪ್‌ನಲ್ಲಿ ಖಾಲಿ ಲೇಯರ್ (ಫೋಟೋ ಮೇಲೆ ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಒಂದನ್ನು ಮೇಲೆ ಹಾಕಿ. ಸ್ಪಾಟ್ ಹೀಲಿಂಗ್ ಆದರೆ 'ಸ್ಯಾಂಪಲ್ ಆಲ್ ಲೇಯರ್ಸ್' ಟಿಕ್ ಮಾಡಿ, ಹೀಲಿಂಗ್ ಬ್ರಷ್ ಆದರೆ ಸ್ಯಾಂಪಲ್ ಪಟ್ಟಿಯಲ್ಲಿ 'ಕರೆಂಟ್ ಆ್ಯಂಡ್ ಬಿಲೋ' ಆರಿಸಿ. ಜಿಂಪ್‌ನಲ್ಲಿ ಇಡೀ ಲೇಯರ್‌ನ ನಕಲು ಮಾಡಿಕೊಂಡು ಅದರ ಮೇಲೆ ಮಾಡುವುದು ಸುಲಭ. ಇದರಿಂದ ತಪ್ಪಾದ ಜಾಗವನ್ನು ಅಳಿಸಿ ಮತ್ತೆ ಮಾಡಬಹುದು. ಲೇಯರ್‌ನ ಒಪ್ಯಾಸಿಟಿ, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು, ತಗ್ಗಿಸುವ ಅವಕಾಶವೂ ಸಿಗುತ್ತದೆ, ಅದು ದೊಡ್ಡ ಲಾಭ. ಕಣ್ಣಿನ ಕೆಳಗಿನ ಕಪ್ಪನ್ನೇ ನೋಡಿ. ಪೂರ್ತಿ ತೆಗೆದರೆ ಕಣ್ಣು ಮುಖಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ, ಯಾಕೆಂದರೆ ಅಲ್ಲಿ ನಿಜವಾದ ಒಂದು ತಗ್ಗು ಇದೆ, ಅದರ ನೆರಳು ಇರಲೇಬೇಕು. ಅದನ್ನು ಬೇರೆ ಲೇಯರ್‌ನಲ್ಲಿ ತೆಗೆದು, ಒಪ್ಯಾಸಿಟಿಯನ್ನು 40-50%ಕ್ಕೆ ಇಳಿಸಿದರೆ ದಣಿವು ಹೋಗುತ್ತದೆ, ಕಣ್ಣಿನ ಆಕಾರ ಉಳಿಯುತ್ತದೆ. ನಗುವಾಗ ಬರುವ ಗೆರೆಗಳಿಗೂ ಹೀಗೇ ಮಾಡಿ.

ಇನ್ನು ಏನು ತೆಗೆಯಬೇಕು, ಏನು ಬಿಡಬೇಕು? ಇದು ಟೂಲ್‌ಗಿಂತ ಮುಖ್ಯ ಅಂತ ನಾನು ನಂಬುತ್ತೇನೆ. ಎರಡು ವಾರದಲ್ಲಿ ತಾನಾಗೇ ಹೋಗುವಂಥದ್ದನ್ನು ತೆಗೆಯಿರಿ: ಮೊಡವೆ, ಗೀರು, ಸೊಳ್ಳೆ ಕಚ್ಚಿದ ಗುರುತು, ಒಡೆದ ತುಟಿಯ ಸಿಪ್ಪೆ. ಯಾವಾಗಲೂ ಇರುವಂಥದ್ದನ್ನು ಬಿಡಿ: ಮಚ್ಚೆ, ಹಳೆಯ ಗಾಯದ ಕಲೆ, ಕೆನ್ನೆಯ ಗುಳಿ. ಅವು ಆ ಮನುಷ್ಯನ ಗುರುತು ಅಲ್ವಾ? ತೆಗೆಯಲೇಬೇಕು ಅನಿಸಿದರೆ ಅವರನ್ನೇ ಕೇಳಿ. ಕೇಳದೆ ಮಚ್ಚೆ ತೆಗೆದ ಫೋಟೋ ಕೊಟ್ಟರೆ ಕೆಲವರಿಗೆ ನಿಜವಾಗಿಯೂ ನೋವಾಗುತ್ತದೆ. ಪಾಸ್‌ಪೋರ್ಟ್, ಗುರುತಿನ ಚೀಟಿಯ ಫೋಟೋಗಳಿಗಂತೂ ಈ ಕೆಲಸ ಬೇಡವೇ ಬೇಡ.

ಕೆಲಸದ ಮಧ್ಯೆ ಆಗಾಗ ಜೂಮ್ ಹೊರಗೆ ತಂದು ಇಡೀ ಫೋಟೋ ನೋಡಿ. 300% ಜೂಮ್‌ನಲ್ಲಿ ಕೂತರೆ ಪ್ರತಿ ರಂಧ್ರವೂ ಕಲೆಯ ಹಾಗೇ ಕಾಣುತ್ತದೆ, ಕೈ ನಿಲ್ಲುವುದಿಲ್ಲ. ಪೂರ್ತಿ ಫೋಟೋದಲ್ಲಿ ಕಣ್ಣಿಗೆ ಬೀಳದ ಕಲೆಯನ್ನು ತೆಗೆಯುವ ಅಗತ್ಯವೇ ಇಲ್ಲ. ಲೇಯರ್ ಪಟ್ಟಿಯಲ್ಲಿ ಹೀಲಿಂಗ್ ಲೇಯರ್‌ನ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಮುಂಚಿನದು, ಈಗಿನದು ಎರಡನ್ನೂ ಹೋಲಿಸಿ ನೋಡಿ. ಮುಖದಲ್ಲಿ ಕಲೆ ಮಾತ್ರ ಬದಲಾಗಿದ್ದರೆ ಸರಿಯಾಗಿದೆ. ಮುಖವೇ ಬದಲಾಗಿದ್ದರೆ ಜಾಸ್ತಿ ಆಗಿದೆ.

ಕಲೆ ಮುಖದಲ್ಲೇ ಇರಬೇಕು ಅಂತಿಲ್ಲ. ಆಕಾಶದಲ್ಲಿ ಮಸುಕಾದ ಬೂದು ಚುಕ್ಕೆ ಕಂಡರೆ, ಅದೂ ಬೇರೆ ಬೇರೆ ಫೋಟೋಗಳಲ್ಲಿ ಅದೇ ಜಾಗದಲ್ಲಿ ಇದ್ದರೆ, ಅದು ಕ್ಯಾಮೆರಾದ ಸೆನ್ಸರ್ ಮೇಲಿನ ಧೂಳು. ಎಫ್/16, ಎಫ್/22 ಥರ ಸಣ್ಣ ಅಪರ್ಚರ್‌ನಲ್ಲಿ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಜಾಸ್ತಿ ಎದ್ದು ಕಾಣುತ್ತದೆ. ಸ್ಪಾಟ್ ಹೀಲಿಂಗ್‌ನ ಒಂದು ಕ್ಲಿಕ್‌ಗೆ ಹೋಗುತ್ತದೆ.

ಆ್ಯಪ್ ವಿಷಯಕ್ಕೆ ಬರುತ್ತೇನೆ. ಫೋನ್‌ನಲ್ಲಾದರೆ ಸ್ನ್ಯಾಪ್‌ಸೀಡ್ ಉಚಿತ, ಅದರಲ್ಲಿ ಹೀಲಿಂಗ್ ಟೂಲ್ ಇದೆ. ಎರಡು ಬೆರಳಿಂದ ಚೆನ್ನಾಗಿ ಜೂಮ್ ಮಾಡಿಕೊಂಡೇ ಮುಟ್ಟಿ, ಇಲ್ಲದಿದ್ದರೆ ಬೆರಳ ತುದಿ ಅಕ್ಕಪಕ್ಕದ್ದನ್ನೂ ಒರೆಸಿಬಿಡುತ್ತದೆ. ಕಂಪ್ಯೂಟರ್‌ನಲ್ಲಿ ದುಡ್ಡು ಕೊಡದೆ ಕಲಿಯಲು ಜಿಂಪ್ ಇದೆ. ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಇದೆ, ಅದು ನೋಡಲು ಹೆಚ್ಚುಕಡಿಮೆ ಫೋಟೋಶಾಪ್ ಥರವೇ ಇದೆ. ಕಲಿಯುವ ಹಂತದಲ್ಲಿ ಸುಮ್ನೆ ದುಡ್ಡು ಸುರಿಯಬೇಡಿ. ಮೇಲೆ ಹೇಳಿದ್ದು ಹೆಚ್ಚುಕಡಿಮೆ ಲೇಯರ್ ಮತ್ತು ಹೀಲಿಂಗ್ ಟೂಲ್ ಎರಡೂ ಇರುವ ಯಾವ ಸಾಫ್ಟ್‌ವೇರ್‌ನಲ್ಲೂ ನಡೆಯುತ್ತದೆ.

ಉಳಿಸುವಾಗ ಲೇಯರ್ ಸಮೇತ ಒಂದು ಪ್ರತಿ ಇಟ್ಟುಕೊಳ್ಳಿ, ಫೋಟೋಶಾಪ್‌ನಲ್ಲಿ ಪಿಎಸ್‌ಡಿ, ಜಿಂಪ್‌ನಲ್ಲಿ ಎಕ್ಸ್‌ಸಿಎಫ್. ಜೆಪೆಗ್ ಅನ್ನು ಕೊನೆಯಲ್ಲಿ ಒಂದೇ ಸಲ ಮಾಡಿ. ಜೆಪೆಗ್ ತೆರೆದು, ತಿದ್ದಿ, ಮತ್ತೆ ಉಳಿಸಿದ ಪ್ರತಿ ಸಲವೂ ಗುಣಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಅದು ಮೊದಲು ಗೊತ್ತಾಗುವುದೇ ಚರ್ಮದ ತರಿಯಲ್ಲಿ.

ಮೊದಲ ಅಭ್ಯಾಸಕ್ಕೆ ಕಿಟಕಿ ಪಕ್ಕದ ಬೆಳಕಿನಲ್ಲಿ ತೆಗೆದ, ಚೆನ್ನಾಗಿ ಫೋಕಸ್ ಆಗಿರುವ ಒಂದು ಫೋಟೋ ಆರಿಸಿಕೊಳ್ಳಿ. ಕತ್ತಲಲ್ಲಿ ತೆಗೆದ ಫೋನ್ ಫೋಟೋದಲ್ಲಿ ತರಿ ಮೊದಲೇ ಹೋಗಿರುತ್ತದೆ, ಅಲ್ಲಿ ಹೀಲಿಂಗ್‌ಗೆ ತೆಗೆದುಕೊಳ್ಳಲು ಏನೂ ಇರುವುದಿಲ್ಲ. ಮಾಡಿದ ಮೇಲೂ ಎಲ್ಲಾದರೂ ಮಸುಕು ಉಳಿದರೆ, ಆ ಭಾಗವನ್ನು ಮಾತ್ರ ಕ್ರಾಪ್ ಮಾಡಿ ಕಾಮೆಂಟ್‌ನಲ್ಲಿ ಹಾಕಿ. ಯಾವ ಬ್ರಷ್, ಎಷ್ಟು ಅಳತೆ ಬಳಸಿದಿರಿ ಅಂತಲೂ ಬರೆಯಿರಿ, ನೋಡಿ ಹೇಳುತ್ತೇನೆ.